ರಿಜಿಸ್ಟರ್ ಮತ್ತು ವಿದ್ಯುತ್ತಿನ ಉಳಿತಾಯ

ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಜನರಿಗೆ ನೀರಿನ ಬೆಲೆ ಚೆನ್ನಾಗಿ ಗೊತ್ತು. ಅಡುಗೆಮನೆಯ ಕೊಡದಿಂದ ಒಂದು ಲೋಟ ನೀರು ತೆಗೆಯುವುದು ಸುಲಭ. ಅದೇ ನೀರನ್ನು ಊರಾಚೆಯ ಬಾವಿಯಿಂದ ತರುವುದು ದಣಿವಿನ ಕೆಲಸ. ಕಂಪ್ಯೂಟರಿನ ಸಂಸ್ಕಾರಕದಲ್ಲೂ ಇದೇ ಲೆಕ್ಕ ನಡೆಯುತ್ತದೆ.

ಅಲ್ಲಿ ಕೊಡದ ಸ್ಥಾನ ರಿಜಿಸ್ಟರಿನದು. ಸಂಖ್ಯೆಗಳನ್ನು ಕೂಡುವ ಮುನ್ನ ಅವು ಬಂದು ನಿಲ್ಲುವುದು ಇಲ್ಲಿ. ಐಐಟಿ ಮದ್ರಾಸಿನ 'ಶಕ್ತಿ' ಸಂಸ್ಕಾರಕಗಳು ಅನುಸರಿಸುವ ರಿಸ್ಕ್-ಫೈವ್ ವಿನ್ಯಾಸದಲ್ಲಿ ಪೂರ್ಣಾಂಕಗಳಿಗೆ 32 ರಿಜಿಸ್ಟರುಗಳಿವೆ. ತಲಾ 64 ಬಿಟ್ ಎಂದರೂ ಒಟ್ಟು 256 ಬೈಟ್ ಮಾತ್ರ.

ಬಿಟ್ 0ಯಿಂದ 1ಕ್ಕೆ ಬದಲಾಗಿ ಮರಳುವಾಗ ತಂತಿಯ ಧಾರಕತೆ ತುಂಬಿ ಬರಿದಾಗುತ್ತದೆ. ಇದಕ್ಕೆ ಬೇಕಾದ ಶಕ್ತಿ CV². ತಂತಿ ಉದ್ದವಾದಷ್ಟೂ C ಹೆಚ್ಚು. ವಿಭವ 1 ವೋಲ್ಟ್‌ನಿಂದ 0.7ಕ್ಕೆ ಇಳಿದರೆ ಶಕ್ತಿ ಅರ್ಧದಷ್ಟಾಗುತ್ತದೆ.

ಸ್ಟ್ಯಾನ್‌ಫರ್ಡ್‌ನ ಮಾರ್ಕ್ ಹೊರೊವಿಟ್ಜ್ 2014ರಲ್ಲಿ 45 ನ್ಯಾನೊಮೀಟರ್ ತಂತ್ರಜ್ಞಾನಕ್ಕೆ ನೀಡಿದ ಅಂದಾಜು ಗಮನಿಸಿ. 32 ಬಿಟ್ ಸಂಕಲನಕ್ಕೆ 0.1 ಪಿಕೋಜೂಲ್, ಒಂದು ಆದೇಶದಲ್ಲಿ ರಿಜಿಸ್ಟರುಗಳ ಬಳಕೆಗೆ 6, ಪುಟ್ಟ 8 ಕಿಲೋಬೈಟ್ ಕ್ಯಾಶ್‌ಗೆ 10, ಹೊರಗಿನ ಡಿರ್‍ಯಾಮ್‌ಗೆ 1300ರಿಂದ 2600. ಲೆಕ್ಕ ಮಾಡುವುದಕ್ಕಿಂತ ಸಂಖ್ಯೆಯನ್ನು ತರುವುದೇ ದುಬಾರಿ!

ಹಾಗಾದರೆ ಸಾವಿರ ರಿಜಿಸ್ಟರುಗಳನ್ನು ಇಡಬಾರದೇಕೆ? ಸಂಖ್ಯೆ ಹೆಚ್ಚಿದರೆ ತಂತಿಗಳು ಉದ್ದವಾಗುತ್ತವೆ, ಆಯ್ಕೆಯ ಮಂಡಲ ದೊಡ್ಡದಾಗುತ್ತದೆ. ಏಕಕಾಲದಲ್ಲಿ ಓದಲು, ಬರೆಯಲು ದ್ವಾರಗಳನ್ನು ಹೆಚ್ಚಿಸಿದರೂ ಹಾಗೆಯೇ. ಕೊಡ ಹಂಡೆಯಾದರೆ ಎತ್ತುವುದು ಕಷ್ಟ. ಆದ್ದರಿಂದ ವಿನ್ಯಾಸಕಾರರು ರಿಜಿಸ್ಟರುಗಳನ್ನು ಮಿತವಾಗಿಟ್ಟು, ಬಳಕೆಯಲ್ಲಿಲ್ಲದವುಗಳಿಗೆ ಗಡಿಯಾರದ ಮಿಡಿತ ತಲುಪದಂತೆ ತಡೆಯುತ್ತಾರೆ.

ಕ್ರಮವಿಧಿಯ ಪಾಲೂ ಇದೆ. ಸಾವಿರ ಅಂಕಗಳನ್ನು ಕೂಡುವಾಗ ಮೊತ್ತವನ್ನು ಪ್ರತಿ ಬಾರಿ ಕ್ಯಾಶ್‌ನಿಂದ ಓದಿ ಮತ್ತೆ ಬರೆದರೆ 2000 ಸಲ ಓಡಾಟ, ಅಂದರೆ ಸುಮಾರು 20,000 ಪಿಕೋಜೂಲ್. ಮೊತ್ತ ರಿಜಿಸ್ಟರಿನಲ್ಲೇ ಉಳಿದರೆ ಇದು ಬಹುತೇಕ ಉಳಿಯುತ್ತದೆ.

ಇಷ್ಟು ಅಲ್ಪ ಉಳಿತಾಯದಿಂದ ಏನಾದೀತು? ಸೆಕೆಂಡಿಗೆ ನೂರು ಕೋಟಿ ಬಾರಿ 10 ಪಿಕೋಜೂಲ್ ಉಳಿದರೆ ಒಂದು ಫೋನಿನಲ್ಲಿ 10 ಮಿಲಿವಾಟ್. ಹತ್ತು ಕೋಟಿ ಫೋನುಗಳಲ್ಲಿ 1 ಮೆಗಾವಾಟ್. ಪಾವಗಡದ 2050 ಮೆಗಾವಾಟ್ ಸೌರ ಉದ್ಯಾನ ಸುಮಾರು 13,000 ಎಕರೆಯಲ್ಲಿದೆ. ಅಂದರೆ ಒಂದು ಮೆಗಾವಾಟ್‌ಗೆ ಆರು ಎಕರೆಗೂ ಹೆಚ್ಚು, ಅದೂ ರೈತರು ಗುತ್ತಿಗೆಗೆ ಕೊಟ್ಟ ನೆಲ. ತರಗತಿಯಲ್ಲಿ CV² ಬರೆಯುವಾಗ ಈ ಆರು ಎಕರೆಯ ಲೆಕ್ಕವನ್ನೂ ವಿದ್ಯಾರ್ಥಿಗಳಿಂದ ಮಾಡಿಸಬಹುದು.