ಏದುಸಿರಿಲ್ಲ ಎಂದ ಮಾತ್ರಕ್ಕೆ

ಹೃದಯದಿಂದ ಮಹಾಧಮನಿಗೆ ರಕ್ತ ಹೊರಬೀಳುವ ಜಾಗದಲ್ಲಿ ಮೂರು ಎಸಳಿನ ಕವಾಟವೊಂದಿದೆ. ಆರೋಗ್ಯವಂತರಲ್ಲಿ ಅದು ತೆರೆದಾಗ 3ರಿಂದ 4 ಚದರ ಸೆಂಟಿಮೀಟರ್ ದಾರಿ. ವಯಸ್ಸಾದಂತೆ ಕೆಲವರಲ್ಲಿ ಎಸಳುಗಳ ಮೇಲೆ ಕ್ಯಾಲ್ಸಿಯಂ ಕಟ್ಟಿ, ಆ ದಾರಿ 1 ಚದರ ಸೆಂಟಿಮೀಟರಿಗೂ ಕಿರಿದಾಗುತ್ತದೆ. ನಲ್ಲಿಯ ಬಾಯಿಗೆ ಬೆರಳೊತ್ತಿದಾಗ ನೀರು ಚಿಮ್ಮುವ ಹಾಗೆ ರಕ್ತ ಸೆಕೆಂಡಿಗೆ 4 ಮೀಟರಿಗೂ ಮಿಕ್ಕಿದ ವೇಗದಲ್ಲಿ ನುಗ್ಗುತ್ತದೆ. ಎಕೋ ಪರೀಕ್ಷೆಯಲ್ಲಿ ಈ ಅಂಕಿ ಕಂಡರೆ ರೋಗ ತೀವ್ರವೆಂದೇ ಲೆಕ್ಕ. ಕಟ್ಟಿದ ಕ್ಯಾಲ್ಸಿಯಂ ಕರಗಿಸುವ ಮಾತ್ರೆಯಿಲ್ಲ, ಕವಾಟವನ್ನೇ ಬದಲಿಸಬೇಕು.

ಯಾವಾಗ ಎಂಬುದು ಕಗ್ಗಂಟು. ಎದೆನೋವು, ಏದುಸಿರು, ಕಣ್ಣು ಕತ್ತಲಿಟ್ಟು ಬೀಳುವುದು ಶುರುವಾದ ಮೇಲೆ ತಡಮಾಡಬಾರದು ಎಂಬುದರಲ್ಲಿ ಯಾರದೂ ತಕರಾರಿಲ್ಲ. ಅದಕ್ಕೂ ಮುಂಚೆಯಾದರೆ 'ಕಾದು ನೋಡೋಣ' ಎನ್ನುವುದು ಬಹುಕಾಲದ ವಾಡಿಕೆ. ಆದರೆ ವಯಸ್ಸಾದವರು ಸುಸ್ತಾಗುವ ಕೆಲಸವನ್ನೇ ಮೆಲ್ಲಗೆ ಬಿಟ್ಟುಬಿಡುತ್ತಾರೆ. ಮಹಡಿ ಹತ್ತದವರನ್ನು 'ಮೆಟ್ಟಿಲೇರುವಾಗ ಉಸಿರು ಕಟ್ಟುತ್ತದೆಯೇ' ಎಂದು ಕೇಳಿ ಏನು ಪ್ರಯೋಜನ?

ಜಪಾನಿನ 27 ಆಸ್ಪತ್ರೆಗಳು 2003ರಿಂದ 2011ರವರೆಗೆ ಬಂದ, ಈ ಕವಾಟ ತೀವ್ರವಾಗಿ ಕಿರಿದಾಗಿದ್ದ 3,815 ರೋಗಿಗಳ ವಿವರ ಕಲೆಹಾಕಿದವು. ಕ್ಯೋಟೊ ವಿಶ್ವವಿದ್ಯಾಲಯದ ವೈದ್ಯರು ಮುಂದೆ ನಿಂತು ನಡೆಸಿದ ಈ ಅಧ್ಯಯನದ ಹೆಸರು 'ಕರೆಂಟ್ ಎಎಸ್'. ಲಕ್ಷಣಗಳಿಲ್ಲದ 1,808 ಮಂದಿಯಲ್ಲಿ ಕಾಯದೆ ಶಸ್ತ್ರಚಿಕಿತ್ಸೆಗೆ ತೀರ್ಮಾನವಾದದ್ದು ಬರೀ 291 ಮಂದಿಗೆ. ಕಾದವರಲ್ಲಿ ಅವರಿಗೆ ಸರಿಹೊಂದುವ ಅಷ್ಟೇ ಜನರನ್ನು ಆರಿಸಿ ಹೋಲಿಸಿದರು. ಐದು ವರ್ಷದಲ್ಲಿ ಮೊದಲ ಗುಂಪಿನಲ್ಲಿ ಶೇ 15.4ರಷ್ಟು, ಕಾದವರಲ್ಲಿ ಶೇ 26.4ರಷ್ಟು ಮಂದಿ ತೀರಿಕೊಂಡಿದ್ದರು. ಹೃದಯ ವೈಫಲ್ಯದಿಂದ ಆಸ್ಪತ್ರೆ ಸೇರಿದವರ ಅಂತರ ಇನ್ನೂ ದೊಡ್ಡದು: ಶೇ 3.8 ಮತ್ತು ಶೇ 19.9. ಗಟ್ಟಿಮುಟ್ಟಾದವರನ್ನೇ ಶಸ್ತ್ರಚಿಕಿತ್ಸೆಗೆ ಆರಿಸಿರಬಹುದಲ್ಲ ಎಂಬ ಅನುಮಾನ ನ್ಯಾಯವಾದದ್ದೇ. ಅದಕ್ಕೆ ಎಡೆಯಿಲ್ಲದಂತೆ ಚೀಟಿ ಎತ್ತಿದ ಹಾಗೆ ಗುಂಪು ಮಾಡುವ ಪ್ರಯೋಗವನ್ನು ಪಕ್ಕದ ದಕ್ಷಿಣ ಕೊರಿಯಾದವರು 145 ರೋಗಿಗಳಲ್ಲಿ ನಡೆಸಿದರು. ಅಲ್ಲೂ ಕಾದವರಿಗೇ ನಷ್ಟ.

ಯಾವಾಗ ಎಂಬುದಾಯಿತು, ಇನ್ನು ಹೇಗೆ ಎಂಬುದು. ಎದೆ ಸೀಳದೆ, ತೊಡೆಯ ರಕ್ತನಾಳದಿಂದ ಕವಾಟ ಕೂರಿಸುವ 'ಟಾವಿ' ವಿಧಾನಕ್ಕೆ ಜಪಾನಿನ ಆರೋಗ್ಯ ವಿಮೆ 2013ರಲ್ಲಿ ಒಪ್ಪಿಗೆ ಕೊಟ್ಟಿತು. ಹಾಗಾದರೆ ಎಲ್ಲರಿಗೂ ಅದೇ ಏಕಾಗಬಾರದು? ಅಲ್ಲಿನ 2020ರ ಮಾರ್ಗಸೂಚಿ 80 ದಾಟಿದವರಿಗೆ ಟಾವಿ, 75ರೊಳಗಿನವರಿಗೆ ಶಸ್ತ್ರಚಿಕಿತ್ಸೆ ಎಂದು ಸ್ಥೂಲ ಗೆರೆ ಎಳೆದಿದೆ. ನಡುವಿನವರ ವಿಷಯವನ್ನು ವೈದ್ಯರ ತಂಡ ರೋಗಿಯೊಡನೆ ಕೂತು ತೀರ್ಮಾನಿಸಬೇಕು. ಅಮೆರಿಕದಲ್ಲಿ ಈ ಚೌಕಾಸಿ 65ಕ್ಕೇ ಶುರುವಾಗುತ್ತದೆ. ಜಪಾನಿನವರ ಎಚ್ಚರಿಕೆಗೆ ಕಾರಣವೂ ಇದೆ. ಅಲ್ಲಿನ 80ರ ಮಹಿಳೆಗೆ ಸರಾಸರಿ ಇನ್ನೂ ಸುಮಾರು 12 ವರ್ಷ ಆಯಸ್ಸು. ಪ್ರಾಣಿಗಳ ಅಂಗಾಂಶದಿಂದ ಮಾಡಿದ ಕವಾಟ ಬಾಳುವುದು ಸಾಮಾನ್ಯವಾಗಿ 10ರಿಂದ 15 ವರ್ಷ. 70ಕ್ಕೇ ಟಾವಿ ಮಾಡಿಸಿಕೊಂಡವರಿಗೆ ಎರಡನೆಯ ಕವಾಟ ಬೇಕಾಗಬಹುದು. ಚಿಕ್ಕ ಮೈಕಟ್ಟಿನವರ ಕಿರಿದಾದ ಧಮನಿಯಲ್ಲಿ ಹಳೆಯದರೊಳಗೇ ಹೊಸದನ್ನು ತೂರಿಸುವುದು ಸುಲಭವಲ್ಲ.