ನಿಮಗಿದು ಗೊತ್ತೇ? ಕೆಸರಲ್ಲೂ ಓಡುತ್ತಾರೆ, ಗಂಬೂಟಿನಲ್ಲೂ ಓಡುತ್ತಾರೆ!

ಬರೀ 13.62 ಸೆಕೆಂಡು! 2020ರ ಫೆಬ್ರುವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು, ಅಂದರೆ ಕೆಸರಿನ ಓಟದ ಹಾದಿಯನ್ನು, ಇಷ್ಟೇ ಹೊತ್ತಿನಲ್ಲಿ ಓಡಿ ಮುಗಿಸಿದರು. ನೂರು ಮೀಟರಿಗೆ ಲೆಕ್ಕ ಹಾಕಿ ನೋಡಿ, 9.56 ಸೆಕೆಂಡು. ಉಸೇನ್ ಬೋಲ್ಟ್ ಅವರ ವಿಶ್ವದಾಖಲೆ 9.58! ಮುಂದೆ ಕೋಣಗಳ ಎಳೆತ ಇರುತ್ತದೆ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು, ನಿಜ. ಆದರೆ ಬೋಲ್ಟ್ ಓಡಿದ್ದು ನುಣುಪಾದ ಟ್ರ್ಯಾಕಿನಲ್ಲಿ. ಇವರು ಓಡಿದ್ದು ಕೆಸರು ನೀರಿನಲ್ಲಿ, ಅದೂ ಬರಿಗಾಲಲ್ಲಿ!

ಇವರ ಹೊಟ್ಟೆಪಾಡಿನ ಕೆಲಸ ಏನಾಗಿತ್ತು ಗೊತ್ತೇ? ಕಟ್ಟಡ ಕಟ್ಟುವ ಕೂಲಿ! ಸುದ್ದಿ ಹಬ್ಬಿದ್ದೇ ತಡ, ಭಾರತೀಯ ಕ್ರೀಡಾ ಪ್ರಾಧಿಕಾರ ಟ್ರ್ಯಾಕಿನಲ್ಲಿ ಓಡಿ ತೋರಿಸಲು ಕರೆಯಿತು. ಅವರು ಒಪ್ಪಲಿಲ್ಲ. ಕಂಬಳದಲ್ಲಿ ಹಿಮ್ಮಡಿ ಊರಿ ಓಡುತ್ತೇವೆ, ಟ್ರ್ಯಾಕಿನಲ್ಲಿ ತುದಿಗಾಲಲ್ಲಿ ಓಡಬೇಕು, ಎರಡೂ ಬೇರೆ ಬೇರೆ ಎಂದರು. ಗೆಲುವಿನ ಪಾಲನ್ನು ಕೋಣಗಳಿಗೂ ಕೊಟ್ಟರು!

ಅದೇ ತಿಂಗಳು ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿ 143 ಮೀಟರನ್ನು 13.61 ಸೆಕೆಂಡಿನಲ್ಲಿ ಮುಗಿಸಿಬಿಟ್ಟರು. ಮೂರು ವಾರ ಕೂಡ ಗೌಡರ ದಾಖಲೆ ನೆಮ್ಮದಿಯಾಗಿ ಕೂರಲಿಲ್ಲ!

ಇಂಥ ಓಟವನ್ನು ನೋಡಲು ಪುತ್ತೂರಿನವರು ಊರು ಬಿಟ್ಟು ಹೋಗಬೇಕಿಲ್ಲ. ಮಹಾಲಿಂಗೇಶ್ವರ ದೇವಸ್ಥಾನದ ದೇವರಮಾರು ಗದ್ದೆಯಲ್ಲೇ ಕೋಟಿ-ಚೆನ್ನಯ ಜೋಡುಕರೆ ಕಂಬಳ ನಡೆಯುತ್ತದೆ. ಓಟ ಹೊರಡುವ ಜಾಗಕ್ಕೆ ಗಂತು, ಮುಗಿಯುವ ಜಾಗಕ್ಕೆ ಮಂಜೊಟ್ಟಿ. ಕನೆಹಲಗೆ ಎಂಬ ವಿಭಾಗವಂತೂ ಬೆರಗು. ಅಲ್ಲಿ ಯಾರು ಮೊದಲು ಬಂದರು ಎಂದು ಯಾರೂ ಕೇಳುವುದಿಲ್ಲ. ನೀರು ಎಷ್ಟು ಎತ್ತರಕ್ಕೆ ಚಿಮ್ಮಿತು ಎಂದಷ್ಟೇ ನೋಡುತ್ತಾರೆ!

ಈಗ ಒಂದು ಪ್ರಶ್ನೆ. ಮನುಷ್ಯ ಮತ್ತು ಕೋಣ ಇಪ್ಪತ್ತು ಕಿಲೋಮೀಟರ್ ಓಡಿದರೆ ಗೆಲ್ಲುವುದು ಯಾರು? ನನ್ನ ಓಟು ಮನುಷ್ಯನಿಗೆ! ಎಮ್ಮೆ ಕೋಣಗಳಿಗೆ ಬೆವರಿನ ಗ್ರಂಥಿಗಳು ದನಗಳಿಗಿಂತಲೂ ಕಡಿಮೆ. ಅದಕ್ಕೇ ಅವು ಬಿಸಿಲೇರಿದರೆ ಕೆಸರು ಹುಡುಕುತ್ತವೆ. ನಮಗೋ, ಮೈತುಂಬ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಬೆವರು ಗ್ರಂಥಿಗಳು. ಓಡುತ್ತಲೇ ಮೈ ತಣಿಸಿಕೊಳ್ಳುವ ಪ್ರಾಣಿ ನಾವು!

ನಂಬಿಕೆ ಬರಲಿಲ್ಲವೇ? ಬ್ರಿಟನ್ನಿನ ವೇಲ್ಸ್‌ನಲ್ಲಿ 1980ರಿಂದ ಮನುಷ್ಯರಿಗೂ ಕುದುರೆಗಳಿಗೂ ಗುಡ್ಡಗಾಡಿನ ಓಟದ ಪಂದ್ಯ ನಡೆಯುತ್ತಿದೆ. 2004ರಲ್ಲಿ ಹ್ಯೂ ಲಾಬ್ ಎಂಬವರು ಎಲ್ಲ ಕುದುರೆಗಳನ್ನೂ ಹಿಂದೆ ಹಾಕಿ ಮೊದಲಿಗರಾದರು. ಕಾಲೇ ಗೆದ್ದಿತು, ಗೊರಸು ಸೋತಿತು!

ನಿಮ್ಮ ಕತ್ತಿನ ಹಿಂದೆ ಕೈಯಿಡಿ. ಅಲ್ಲೊಂದು ಗಟ್ಟಿ ಪಟ್ಟಿಯಂಥ ಕಟ್ಟು ಇದೆ. ಓಡುವಾಗ ತಲೆ ಅತ್ತಿತ್ತ ತೂಗಾಡದಂತೆ ಹಿಡಿದುಕೊಳ್ಳುವುದು ಅದರ ಕೆಲಸ. ಕುದುರೆಗೆ ಅದಿದೆ, ನಾಯಿಗೆ ಅದಿದೆ. ಹಂದಿಗಿಲ್ಲ, ನಮ್ಮ ನಂಟ ಚಿಂಪಾಂಜಿಗೂ ಇಲ್ಲ!

ಆಟಿ ತಿಂಗಳು ಬಂತೆಂದರೆ ತುಳುನಾಡಿನ ಊರೂರಿನಲ್ಲಿ 'ಕೆಸರ್‌ಡ್ ಒಂಜಿ ದಿನ'. ಅಂದರೆ ಕೆಸರಿನಲ್ಲಿ ಒಂದು ದಿನ! ಪುತ್ತೂರು, ಸುಳ್ಯ, ಕಡಬದಲ್ಲೂ ಉತ್ತ ಗದ್ದೆಗೆ ಇಳಿಯುವವರು ಕಡಿಮೆಯಿಲ್ಲ. ಇಲ್ಲಿ ಓಡುವವರು ಕ್ರೀಡಾಪಟುಗಳಲ್ಲ. ಬ್ಯಾಂಕಿನವರು, ಬೀಡಿ ಕಟ್ಟುವವರು, ಟೀಚರು, ರಿಕ್ಷಾ ಓಡಿಸುವವರು, ಮೊಮ್ಮಕ್ಕಳನ್ನು ಬದಿಯಲ್ಲಿ ನಿಲ್ಲಿಸಿ ಬಂದ ಅಜ್ಜಿಯಂದಿರು. ಒಬ್ಬರು ಅಡಿಕೆ ಹಾಳೆಯ ಮೇಲೆ ಕೂರುವುದು, ಇನ್ನೊಬ್ಬರು ಎಳೆದುಕೊಂಡು ಓಡುವುದು. ಬಿದ್ದವರಿಗೇ ಚಪ್ಪಾಳೆ ಜಾಸ್ತಿ! ವರ್ಷವಿಡೀ ಬಸ್ಸಿಗೆ ಕೂಡ ಓಡದವರು ಅಂದು ಮೂರು ಮೂರು ಓಟಕ್ಕೆ ಹೆಸರು ಕೊಡುತ್ತಾರೆ. ನನಗಂತೂ ಜಿಲ್ಲೆಯ ಅತಿ ಚಂದದ ಓಟ ಇದೇ.

ಕೆಸರಿನಲ್ಲಿ ಓಡಿ ಬಂದವರು ಏದುಸಿರು ಬಿಡುವುದು ಸುಮ್ಮನೆ ಅಲ್ಲ. ಮರಳಿನ ಮೇಲೆ ಓಡಿಸಿ ಅಳೆದ ವಿಜ್ಞಾನಿಗಳಿಗೆ ಸಿಕ್ಕ ಲೆಕ್ಕ ಕೇಳಿ: ಗಟ್ಟಿ ನೆಲಕ್ಕಿಂತ ಸುಮಾರು 1.6 ಪಟ್ಟು ಶಕ್ತಿ ಖರ್ಚು! ಕಾಲು ಹೂತು ಹೋಗುವ ಗದ್ದೆಯ ಕಥೆ ನೀವೇ ಊಹಿಸಿ.

ಬೆಳಗ್ಗೆ ಪುತ್ತೂರಿನ ಕೊಂಬೆಟ್ಟು ಕ್ರೀಡಾಂಗಣದಲ್ಲೋ ಸುಳ್ಯದ ಶಾಂತಿನಗರ ಕ್ರೀಡಾಂಗಣದಲ್ಲೋ ಸುತ್ತು ಹಾಕುವ ಹುಡುಗರನ್ನು ಕಂಡರೆ ಒಂದು ಸಂಖ್ಯೆ ನೆನಪಿಡಿ. 1600 ಮೀಟರ್! ಪೊಲೀಸ್ ಕಾನ್‌ಸ್ಟೆಬಲ್ ಆಗಬೇಕಾದ ಗಂಡಸರು ಅಷ್ಟು ದೂರವನ್ನು ಆರೂವರೆ ನಿಮಿಷದಲ್ಲಿ ಓಡಬೇಕು. ಹೆಂಗಸರಿಗೆ 400 ಮೀಟರ್, ಎರಡು ನಿಮಿಷ. ಎಷ್ಟೋ ಮನೆಯ ಸಂಬಳ ಹೀಗೆ ನಾಲ್ಕು ಸುತ್ತಿನ ಕೊನೆಯಲ್ಲಿ ಕಾದು ನಿಂತಿರುತ್ತದೆ!

ಓಡುವವರಿಗಿಂತ ಮೊದಲು ಎದ್ದವರು ಇಲ್ಲಿ ಇನ್ನೊಬ್ಬರಿದ್ದಾರೆ. ರಬ್ಬರ್ ಟ್ಯಾಪಿಂಗ್ ಮಾಡುವವರು! ತಲೆಗೆ ಟಾರ್ಚ್ ಕಟ್ಟಿಕೊಂಡು ಮರದಿಂದ ಮರಕ್ಕೆ ನಡೆದೇ ನಡೆಯುತ್ತಾರೆ, ದಿನಕ್ಕೆ ಮುನ್ನೂರು ಮರ! ಕತ್ತಲಲ್ಲೇ ಯಾಕೆ? ತಂಪು ಹೊತ್ತಿನಲ್ಲಿ ಮರದೊಳಗೆ ಒತ್ತಡ ಹೆಚ್ಚಿದ್ದು ಹಾಲು ಚೆನ್ನಾಗಿ ಇಳಿಯುತ್ತದೆ. ಸುಳ್ಯ, ಪುತ್ತೂರಿನ ಸರಕಾರಿ ರಬ್ಬರ್ ತೋಟಗಳಲ್ಲಿ ಈ ಕೆಲಸಕ್ಕೆ ಬಂದವರು 1964ರ ಒಪ್ಪಂದದ ಮೇಲೆ ಶ್ರೀಲಂಕಾದಿಂದ ಮರಳಿದ ತಮಿಳು ಕುಟುಂಬದವರು. ಸಮುದ್ರ ದಾಟಿ ಬಂದ ಕಾಲುಗಳು ಅವು!

ರಬ್ಬರ್ ಎಂದಾಗ ಶೂ ನೆನಪಾಯಿತು. ಓಟದ ಶೂವಿನ ಗುಬುಟು ಗುಬುಟು ತಳ ಹುಟ್ಟಿದ್ದು ಎಲ್ಲಿ ಹೇಳಿ? ಅಡುಗೆಮನೆಯಲ್ಲಿ! 1971ರಲ್ಲಿ ಅಮೆರಿಕದ ತರಬೇತುದಾರ ಬಿಲ್ ಬೋವರ್‌ಮನ್ ಹೆಂಡತಿಯ ವಾಫಲ್ ಕಾವಲಿಗೆ ಕರಗಿದ ರಬ್ಬರಿನಂಥ ವಸ್ತು ಸುರಿದುಬಿಟ್ಟರು. ನಮ್ಮ ಗುಳಿಯಪ್ಪದ ಕಾವಲಿಗೆ ಯಾರಾದರೂ ಹಾಗೆ ಮಾಡಿದ್ದರೆ! ಆ ಕಾವಲಿ ಅಂಟಿಕೊಂಡು ಕೆಟ್ಟೇ ಹೋಯಿತು. ಎಸೆದಿದ್ದ ಆ ಕಾವಲಿ ಸುಮಾರು ನಾಲ್ಕು ದಶಕದ ಮೇಲೆ ಅವರ ಹಿತ್ತಿಲ ಮಣ್ಣಿನಡಿ ಸಿಕ್ಕಿತು!

ಇದೇ ಬೋವರ್‌ಮನ್‌ಗೆ ಜಾಗಿಂಗ್ ಹುಚ್ಚು ಹಿಡಿದ ಬಗೆ ಇನ್ನೂ ಚಂದ. 1962ರಲ್ಲಿ ಅವರು ನ್ಯೂಜಿಲೆಂಡಿಗೆ ಹೋಗಿದ್ದರು. ಅಲ್ಲಿ ಆರ್ಥರ್ ಲಿಡಿಯಾರ್ಡ್ ಸಾಮಾನ್ಯ ಜನರನ್ನು ಕಟ್ಟಿಕೊಂಡು ಮೆಲ್ಲಗೆ ಓಡಿಸುತ್ತಿದ್ದರು. ಬೋವರ್‌ಮನ್ ಜೊತೆಗೆ ಹೊರಟರು. ಎಪ್ಪತ್ತು ದಾಟಿದ, ಹೃದಯಾಘಾತ ಕಂಡಿದ್ದ ಒಬ್ಬ ಅಜ್ಜ ಅವರನ್ನು ಹಿಂದೆ ಹಾಕಿಬಿಟ್ಟರು! ಬೋವರ್‌ಮನ್ ಊರಿಗೆ ಮರಳಿ ಜಾಗಿಂಗ್ ಬಗ್ಗೆ ಪುಸ್ತಕವನ್ನೇ ಬರೆದರು.

ತೋಟಕ್ಕೆ ಗಂಬೂಟು ಹಾಕಿಕೊಂಡು ಹೋಗುವ ಕೃಷಿಕರೇ, ಇದು ನಿಮಗೆ. ಆಸ್ಟ್ರೇಲಿಯಾದಲ್ಲಿ ಕ್ಲಿಫ್ ಯಂಗ್ ಎಂಬ ಆಲೂಗಡ್ಡೆ ಬೆಳೆಗಾರರಿದ್ದರು. ಗಂಬೂಟು ಹಾಕಿಕೊಂಡೇ ಕುರಿಗಳ ಹಿಂದೆ ಓಡಿ ಅಭ್ಯಾಸ. 1983ರಲ್ಲಿ, 61ನೇ ವಯಸ್ಸಿನಲ್ಲಿ, ಸಿಡ್ನಿಯಿಂದ ಮೆಲ್ಬರ್ನ್‌ಗೆ ಓಡುವ ಪಂದ್ಯಕ್ಕೆ ಬಂದು ನಿಂತರು. ದೂರ 875 ಕಿಲೋಮೀಟರ್! ಉಳಿದವರು ಅವರಿಗಿಂತ ಎಷ್ಟೋ ಚಿಕ್ಕವರು. ಅಜ್ಜನ ಓಟವೋ, ಕಾಲೆಳೆದು ನಡೆದಂತೆ. ಮೊದಲ ದಿನ ಮುಂದಿದ್ದವರಿಗಿಂತ ಬಹಳ ಹಿಂದೆ. ಆದರೆ ರಾತ್ರಿ ಉಳಿದವರು ಮಲಗಿದ್ದಾಗ ಇವರು ಸಾಗುತ್ತಲೇ ಇದ್ದರು. 5 ದಿನ, 15 ಗಂಟೆ, 4 ನಿಮಿಷ. ಮೊದಲಿಗರು! ಹತ್ತು ಸಾವಿರ ಡಾಲರ್ ಬಹುಮಾನವನ್ನು ಏನು ಮಾಡಿದರು ಗೊತ್ತೇ? ಜೊತೆಗೆ ಓಡಿದವರಿಗೆ ಹಂಚಿಬಿಟ್ಟರು!

ದೂರದ ಮಾತು ಬಂದಾಗ ಸುಳ್ಯವನ್ನು ಬಿಡಲಾದೀತೇ? 1837ರಲ್ಲಿ ಕೆದಂಬಾಡಿ ರಾಮಯ್ಯ ಗೌಡರಂಥ ಮುಂದಾಳುಗಳ ಹಿಂದೆ ರೈತರು ಬ್ರಿಟಿಷರ ವಿರುದ್ಧ ಸುಳ್ಯದಿಂದ ಹೊರಟು, ಬೆಳ್ಳಾರೆಯ ಖಜಾನೆ ವಶಪಡಿಸಿಕೊಂಡು, ಮಂಗಳೂರಿನ ಬಾವುಟಗುಡ್ಡೆಯಲ್ಲಿ ಬಾವುಟ ಹಾರಿಸಿದರು. ಈಗಿನ ರಸ್ತೆಯಲ್ಲಿ ಸುಳ್ಯದಿಂದ ಮಂಗಳೂರಿಗೆ ಸುಮಾರು 85 ಕಿಲೋಮೀಟರ್. ಮ್ಯಾರಥಾನ್ ಎಂದರೆ 42.195 ಕಿಲೋಮೀಟರ್. ಎರಡರಿಂದ ಗುಣಿಸಿ ನೋಡಿ. ಬಹುತೇಕ ಸರಿಯಾಗಿ ಎರಡು ಮ್ಯಾರಥಾನ್!

ಏರು ಬೇಕೇ? ಕಡಬ ತಾಲ್ಲೂಕಿನ ಕುಕ್ಕೆ ಸುಬ್ರಹ್ಮಣ್ಯದಿಂದ ಹೊರಟು 1,712 ಮೀಟರ್ ಎತ್ತರದ ಕುಮಾರ ಪರ್ವತದ ತುದಿ ಮುಟ್ಟಿ. ಏರಬೇಕಾದದ್ದು ಸುಮಾರು 1,600 ಮೀಟರ್. ಪೊಲೀಸ್ ಪರೀಕ್ಷೆಯ ಅದೇ 1600, ಆದರೆ ನೆಟ್ಟಗೆ ಮೇಲಕ್ಕೆ!

ಮೊದಲ ಒಲಿಂಪಿಕ್ಸ್ ಮ್ಯಾರಥಾನ್ ಗೆದ್ದದ್ದು ಯಾರು? 1896ರಲ್ಲಿ, ನೀರು ಹೊರುವ ಕೆಲಸದ ಸ್ಪಿರಿಡನ್ ಲೂಯಿಸ್!

ಇಥಿಯೋಪಿಯಾದ ಹೈಲೆ ಗೆಬ್ರಸೆಲಾಸಿ ದಿನಾ ಹತ್ತು ಕಿಲೋಮೀಟರ್ ದೂರದ ಶಾಲೆಗೆ ಓಡಿ ಹೋಗಿ ಓಡಿ ಬರುತ್ತಿದ್ದರು. ಎರಡು ಒಲಿಂಪಿಕ್ಸ್ ಚಿನ್ನ ಗೆದ್ದಾಗಲೂ ಅವರ ಎಡಗೈ ಮಡಚಿಕೊಂಡೇ ಇರುತ್ತಿತ್ತು. ಯಾಕೆ? ಕಂಕುಳಲ್ಲಿ ಪುಸ್ತಕ ಹಿಡಿದು ಓಡಿದ ರೂಢಿ! ಸಂಕ ದಾಟಿ, ಗುಡ್ಡೆ ಹತ್ತಿ ಶಾಲೆಗೆ ಹೋದ ನಮ್ಮೂರಿನ ಹಿರಿಯರಿಗೆ ಇದು ಥಟ್ಟನೆ ಅರ್ಥವಾದೀತು.

ಐದು ವರ್ಷದವರೆಗೆ ನಡೆಯಲೂ ಆಗದಿದ್ದ ಪಂಜಾಬಿನ ಹುಡುಗ ಫೌಜಾ ಸಿಂಗ್. ಹೆಂಡತಿ ತೀರಿಕೊಂಡರು, ಮುಂದೆ ಕಣ್ಣೆದುರೇ ಮಗನೂ ಹೋದ. ಆ ದುಃಖದಲ್ಲಿ ಓಡಲು ತೊಡಗಿದರು. ಮೊದಲ ಮ್ಯಾರಥಾನ್ 2000ದಲ್ಲಿ, ಲಂಡನ್ನಿನಲ್ಲಿ, 89ನೇ ವಯಸ್ಸಿನಲ್ಲಿ! 2011ರಲ್ಲಿ ಟೊರಾಂಟೊದಲ್ಲಿ ನೂರು ವರ್ಷದ ಅಜ್ಜನಾಗಿ ಪೂರ್ತಿ ಮ್ಯಾರಥಾನ್ ಮುಗಿಸಿದರು. 8 ಗಂಟೆ, 11 ನಿಮಿಷ, 6 ಸೆಕೆಂಡು. 2025ರ ಜುಲೈಯಲ್ಲಿ ತೀರಿಕೊಂಡಾಗ ಅವರಿಗೆ 114!

ಶುರು ಮಾಡುವುದೇನೋ ಸರಿ. ಬಿಡದೆ ಓಡುತ್ತಾರಲ್ಲ, ಯಾಕೆ? ಉತ್ತರದಲ್ಲಿ ನಮ್ಮದೇ ಒಂದು ಪದ ಅಡಗಿದೆ! ಓಡುವಾಗ ಮೈಯೊಳಗೆ ಏರುವ ಒಂದು ರಾಸಾಯನಿಕದ ಹೆಸರು ಆನಂದಮೈಡ್. 1992ರಲ್ಲಿ ಕಂಡುಹಿಡಿದವರು ಸಂಸ್ಕೃತದ 'ಆನಂದ'ವನ್ನೇ ತೆಗೆದು ಇಟ್ಟರು. ಓಟದ ಖುಷಿಗೆ ಎಂಡಾರ್ಫಿನ್ ಕಾರಣ ಎಂದು ನಾವೆಲ್ಲ ಕೇಳಿದ್ದೇವೆ. 2021ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಎಂಡಾರ್ಫಿನ್ ಕೆಲಸ ಮಾಡದಂತೆ ಔಷಧ ಕೊಟ್ಟು ಜನರನ್ನು ಓಡಿಸಿದರು. ಖುಷಿ ಬಂದೇ ಬಂತು! ಅನುಮಾನ ಈಗ ಆನಂದದ ಕಡೆಗೆ ತಿರುಗಿದೆ.

ಮಂಡಿ ಸವೆಯುತ್ತದೆ ಎಂದು ಹೆದರಿಸುವವರು ಮನೆಗೊಬ್ಬರು ಇರುತ್ತಾರೆ. 2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಮಂಡಿ, ಸೊಂಟದ ಕೀಲು ಸವೆತ ಕಂಡದ್ದು ಹವ್ಯಾಸಕ್ಕೆ ಓಡುವವರಲ್ಲಿ ನೂರಕ್ಕೆ 3.5 ಮಂದಿಗೆ. ಕೂತೇ ಇರುವವರಲ್ಲಿ 10.2 ಮಂದಿಗೆ! ಪದಕಕ್ಕಾಗಿ ವಿಪರೀತ ಓಡುವವರಲ್ಲಿ ಮಾತ್ರ ಅದು 13.3. ಮಿತವಾಗಿ ಓಡುವವರ ಮಂಡಿಯೇ ಸುಖಿ!

ಎಷ್ಟು ಓಡಬೇಕು? ದಿನಕ್ಕೆ ಐದರಿಂದ ಹತ್ತು ನಿಮಿಷ! 55,137 ಜನರನ್ನು ಸರಾಸರಿ ಹದಿನೈದು ವರ್ಷ ಗಮನಿಸಿದ ಅಧ್ಯಯನದಲ್ಲಿ ಅಷ್ಟೇ ಓಡಿದವರಲ್ಲೂ ಸಾವಿನ ಅಪಾಯ ಎದ್ದು ಕಾಣುವಷ್ಟು ಕಡಿಮೆಯಿತ್ತು. ಒಲೆಯ ಮೇಲೆ ಚಾ ಕುದಿಯುವಷ್ಟು ಹೊತ್ತು!

ಅಭ್ಯಾಸ ಮೈಗೂಡಲು 21 ದಿನ ಸಾಕು ಎನ್ನುತ್ತಾರೆ. ಲಂಡನ್ನಿನಲ್ಲಿ ಎಣಿಸಿದಾಗ ಸರಾಸರಿ 66 ದಿನ ಬೇಕಾಯಿತು. ಒಬ್ಬರಿಗೆ 18, ಇನ್ನೊಬ್ಬರಿಗೆ 254 ಎನ್ನುವಷ್ಟು ಅಂತರ. ಆಟಿಯಲ್ಲಿ ಶುರು ಮಾಡಿದವರಿಗೆ ನವರಾತ್ರಿಯ ಹೊತ್ತಿಗೆ ಕೈಗೂಡೀತು!

ಬ್ರಿಟನ್ನಿನ ರಾನ್ ಹಿಲ್ 1964ರ ಡಿಸೆಂಬರಿನಿಂದ 2017ರ ಜನವರಿಯವರೆಗೆ ಒಂದು ದಿನವೂ ತಪ್ಪಿಸದೆ ಓಡಿದರು. 52 ವರ್ಷ! ದಿನಕ್ಕೆ ಕನಿಷ್ಠ ಒಂದು ಮೈಲಿ!

ಜಿಮ್ಮಿಗೆ ದುಡ್ಡು ಕಟ್ಟಿ ನಾವು ಏರುವ ಟ್ರೆಡ್‌ಮಿಲ್ ಒಂದು ಕಾಲದಲ್ಲಿ ಶಿಕ್ಷೆಯಾಗಿತ್ತು! 1818ರಲ್ಲಿ ಇಂಗ್ಲೆಂಡಿನ ಜೈಲಿನ ಕೈದಿಗಳಿಗಾಗಿ ವಿಲಿಯಂ ಕ್ಯೂಬಿಟ್ ಮಾಡಿದ ತುಳಿಯುವ ಚಕ್ರವೇ ಅದರ ಪೂರ್ವಜ.

ಕೊನೆಯದು ನನಗೆ ಎಲ್ಲಕ್ಕಿಂತ ಇಷ್ಟ. ಬೋನಿನ ಇಲಿಗಳು ಚಕ್ರದಲ್ಲಿ ಓಡುವುದು ಬೇಜಾರು ತಾಳಲಾರದೆ ಎಂದು ತಿಳಿದಿದ್ದರು. ನೆದರ್ಲೆಂಡಿನ ವಿಜ್ಞಾನಿಗಳು ಓಡುವ ಚಕ್ರವನ್ನೂ ಒಂದಿಷ್ಟು ತಿಂಡಿಯನ್ನೂ ಬಯಲಿನಲ್ಲೇ ಇಟ್ಟು ಕ್ಯಾಮೆರಾ ಕಟ್ಟಿದರು. ಕಾಡಿಲಿಗಳು ತಾವಾಗಿ ಬಂದು ಓಡಿದವು! ತಿಂಡಿ ಇಡುವುದನ್ನು ನಿಲ್ಲಿಸಿದ ಮೇಲೂ ಬಂದು ಓಡಿದವು. ಆಗ ಯಾರೂ ಕರೆಯುತ್ತಿರಲಿಲ್ಲ, ಬಹುಮಾನವೂ ಇರಲಿಲ್ಲ. ಆಮೇಲೆ ಬಂದದ್ದು ಯಾರು ಗೊತ್ತೇ? ಕಪ್ಪೆ! ಅದರ ಹಿಂದೆ ಚಿಪ್ಪಿಲ್ಲದ ಬಸವನಹುಳು! ಮುಂದಿನ ಆಟಿಯಲ್ಲಿ, ಜಡಿಮಳೆಯ ರಾತ್ರಿ, ನಿಮ್ಮ ಅಂಗಳದ ಕಪ್ಪೆಯ ಮುಂದೆಯೂ ಒಂದು ಚಕ್ರ ಇಟ್ಟು ನೋಡಿ!