ಕೈಗೆ ತಕ್ಕ ದೂರ: ಡಿಸ್ಕ್ ಗಾಲ್ಫ್‌ನಲ್ಲಿ ಟೀ ಆರಿಸುವ ಬಗೆ

ಒಂದು ಗೇಣಗಲದ ಪ್ಲಾಸ್ಟಿಕ್ ತಟ್ಟೆಯನ್ನು ಗೊತ್ತುಮಾಡಿದ ಜಾಗದಲ್ಲಿ ನಿಂತು ಎಸೆದು, ಅದು ಬಿದ್ದ ಕಡೆಯಿಂದ ಮತ್ತೆ ಮತ್ತೆ ಎಸೆಯುತ್ತ, ಸರಪಳಿಗಳನ್ನು ಇಳಿಬಿಟ್ಟ ಕಬ್ಬಿಣದ ಬುಟ್ಟಿಯೊಳಗೆ ಆದಷ್ಟು ಕಡಿಮೆ ಎಸೆತಗಳಲ್ಲಿ ಬೀಳಿಸುವ ಆಟಕ್ಕೆ ಡಿಸ್ಕ್ ಗಾಲ್ಫ್ ಎಂದು ಹೆಸರು. ಮೊದಲ ಎಸೆತಕ್ಕೆ ನಿಲ್ಲುವ ಜಾಗವೇ ಟೀ. ಟೀಯಿಂದ ಬುಟ್ಟಿಯವರೆಗಿನ ಹಾದಿಯೆಲ್ಲ ಸೇರಿ ಒಂದು ಹೋಲ್. ಅಂಥ 9 ಅಥವಾ 18 ಹೋಲ್‌ಗಳು ಕೂಡಿದರೆ ಒಂದು ಕೋರ್ಸ್. ನುರಿತವರು ಒಂದು ಹೋಲನ್ನು ಇಷ್ಟು ಎಸೆತಗಳಲ್ಲಿ ಮುಗಿಸಬಹುದೆಂಬ ಅಂದಾಜಿಗೆ ಪಾರ್ ಎನ್ನುತ್ತಾರೆ. ಒಂದೇ ಬುಟ್ಟಿಗೆ ಎರಡು, ಮೂರು, ಕೆಲವೊಮ್ಮೆ ನಾಲ್ಕು ಟೀಗಳನ್ನು ಬೇರೆ ಬೇರೆ ದೂರದಲ್ಲಿ ಹಾಕಿರುವುದರಿಂದ, ಸ್ನೇಹಕ್ಕಾಗಿ ಆಡುವವರ ಮುಂದೆ ಆಟ ಶುರುವಾಗುವ ಮೊದಲೇ ಒಂದು ಆಯ್ಕೆ ನಿಂತಿರುತ್ತದೆ: ಯಾವ ಟೀಯಿಂದ ಎಸೆಯಬೇಕು? ಹೊಸಬರು ಈ ಆಯ್ಕೆಯನ್ನು ಸಾಮಾನ್ಯವಾಗಿ ಅರೆನಿಮಿಷದಲ್ಲಿ ಮುಗಿಸಿಬಿಡುತ್ತಾರಾದರೂ, ಮುಂದಿನ ಎರಡು ಗಂಟೆಯ ಆಟ ಆಟವಾಗಿರುತ್ತದೆಯೋ ಬರಿಯ ದಣಿವಾಗುತ್ತದೆಯೋ ಎಂಬುದು ಬಹುಮಟ್ಟಿಗೆ ಅಲ್ಲೇ ತೀರ್ಮಾನವಾಗುತ್ತದೆ.

ಈ ಆಟಕ್ಕೆ ಇಂದಿನ ರೂಪ ಕೊಟ್ಟವರು ಅಮೆರಿಕದ ಎಡ್ ಹೆಡ್ರಿಕ್. ಫ್ರಿಸ್ಬೀ ತಯಾರಿಸುತ್ತಿದ್ದ ವ್ಯಾಮ್‌-ಓ ಕಂಪನಿಯಲ್ಲಿ ಕೆಲಸ ಮಾಡಿದ್ದ ಅವರು 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಪಾರ್ಕಿನಲ್ಲಿ ಮೊದಲ ಶಾಶ್ವತ ಕೋರ್ಸ್ ಹಾಕಿದರು. ಸರಪಳಿಯ ಬುಟ್ಟಿಯನ್ನು ರೂಪಿಸಿದವರೂ ಅವರೇ. ಮರುವರ್ಷವೇ ಅವರು ಕಟ್ಟಿದ ವೃತ್ತಿಪರ ಡಿಸ್ಕ್ ಗಾಲ್ಫ್ ಸಂಘ, ಅಂದರೆ ಪಿಡಿಜಿಎ, ಇಂದಿಗೂ ಆಟದ ನಿಯಮಗಳನ್ನು ನೋಡಿಕೊಳ್ಳುತ್ತದೆ. 1983ರಲ್ಲಿ ಡೇವ್ ಡನಿಪೇಸ್ ಎಂಬವರು ಅಂಚನ್ನು ಚೂಪಾಗಿ ಇಳಿಜಾರು ಮಾಡಿದ ಡಿಸ್ಕ್ ತಂದ ಮೇಲೆ ಎಸೆತದ ದೂರ ಒಮ್ಮೆಗೇ ಹೆಚ್ಚಿತು. ಮೊದಮೊದಲಿನ ಚಿಕ್ಕ ಕೋರ್ಸುಗಳು ಬಲಿಷ್ಠ ಕೈಗಳಿಗೆ ಸಾಲದೆ ಟೀಗಳು ಹಿಂದಕ್ಕೆ ಸರಿದವು. ಹಿಂದಕ್ಕೆ ಸರಿದ ಟೀಗಳು ಸಾಮಾನ್ಯರಿಗೆ ಎಟುಕದಾದವು. ಹಾಗಾಗಿ ಒಂದೇ ಹೋಲಿಗೆ ಹಲವು ಟೀಗಳನ್ನು ಇಡುವ ಪದ್ಧತಿ ಬೇರೂರಿತು.

ದೂರದ ಟೀಯೇ ನಿಜವಾದ ಟೀ, ಹತ್ತಿರದ್ದು ಮಕ್ಕಳಿಗೆಂದು ಮಾಡಿದ ರಿಯಾಯಿತಿ ಎಂಬ ಭಾವನೆ ಎಲ್ಲ ಕಡೆಯೂ ಇದೆ. ಇದು ತಪ್ಪೆಂಬುದನ್ನು ಒಂದು ಸರಳ ಲೆಕ್ಕದಿಂದಲೇ ತಿಳಿಯಬಹುದು. ಸಾಧಾರಣವಾಗಿ 45 ಮೀಟರ್ ಎಸೆಯಬಲ್ಲ ಒಬ್ಬರು 100 ಮೀಟರಿನ, ಪಾರ್ 3ರ ಹೋಲನ್ನು ಆಡುತ್ತಾರೆಂದುಕೊಳ್ಳೋಣ. ಮೊದಲ ಎಸೆತ ಅರ್ಧ ದಾರಿಗೆ ಬಿದ್ದರೆ, ಎರಡನೆಯದು ಬುಟ್ಟಿಗೆ ಇನ್ನೂ ಹತ್ತು ಮೀಟರಿನಷ್ಟು ದೂರದಲ್ಲಿ ನಿಲ್ಲುತ್ತದೆ, ಮೂರನೆಯದು ಬುಟ್ಟಿಯ ಬುಡಕ್ಕೆ ಬೀಳುತ್ತದೆ, ನಾಲ್ಕನೆಯದು ಒಳಗೆ ಹೋಗುತ್ತದೆ. ಚೆನ್ನಾಗಿ ಎಸೆದರೂ ನಾಲ್ಕು, ತುಸು ತಪ್ಪಿದರೂ ನಾಲ್ಕು. ಎಡಕ್ಕೆ ಮರವಿದೆ, ಬಲಕ್ಕೆ ಹಳ್ಳವಿದೆ, ಯಾವ ಕಡೆಯಿಂದ ಬಳಸಿ ಹೋಗಬೇಕೆಂಬ ಯೋಚನೆಗೆ ಅಲ್ಲಿ ಬೆಲೆಯೇ ಇಲ್ಲ, ಏಕೆಂದರೆ ಯಾವ ದಾರಿ ಹಿಡಿದರೂ ಬುಟ್ಟಿ ಎಟುಕುವುದಿಲ್ಲ. ಅದೇ ವ್ಯಕ್ತಿ 50 ಮೀಟರಿನ ಟೀಯಿಂದ ಆಡಿದರೆ ಒಳ್ಳೆಯ ಎಸೆತ ಬುಟ್ಟಿಯ ಸುತ್ತಲಿನ 10 ಮೀಟರ್ ವೃತ್ತದೊಳಕ್ಕೆ ಬರುತ್ತದೆ, ಎರಡರಲ್ಲಿ ಮುಗಿಸುವ ಆಸೆ ಹುಟ್ಟುತ್ತದೆ, ಆ ಆಸೆಯ ಜೊತೆಗೇ ಮರಕ್ಕೆ ತಗುಲಿ ನಾಲ್ಕಾಗುವ ಭಯವೂ ಬರುತ್ತದೆ. ಒಳ್ಳೆಯ ಎಸೆತಕ್ಕೂ ಕೆಟ್ಟ ಎಸೆತಕ್ಕೂ ಅಂಕದಲ್ಲಿ ವ್ಯತ್ಯಾಸ ಕಾಣಿಸುವ ದೂರವೇ ಆಯಾ ಆಟಗಾರರ ಸರಿಯಾದ ದೂರ. ಟೀ ಆರಿಸುವ ಶಾಸ್ತ್ರದಲ್ಲಿ ಇದಕ್ಕಿಂತ ಮುಖ್ಯವಾದ ಸೂತ್ರ ಇನ್ನೊಂದಿಲ್ಲ.

ಹಾಗಾದರೆ ಮೊದಲು ಬೇಕಾದದ್ದು ತನ್ನ ಎಸೆತದ ಪ್ರಾಮಾಣಿಕ ಅಳತೆ. ಸಮತಟ್ಟಾದ ಬಯಲಿನಲ್ಲಿ, ಗಾಳಿ ಕಡಿಮೆ ಇರುವ ಬೆಳಗಿನ ಹೊತ್ತು ಹತ್ತು ಹನ್ನೆರಡು ಬಾರಿ ಎಸೆದು, ಅತಿ ದೂರದ ಎರಡನ್ನೂ ಅತಿ ಹತ್ತಿರದ ಎರಡನ್ನೂ ಬಿಟ್ಟು ಉಳಿದವುಗಳ ಸರಾಸರಿ ಹಿಡಿದರೆ ಸಾಕು. ಒಮ್ಮೆ ಯಾವಾಗಲೋ ಗಾಳಿಯ ಬಲದಿಂದ ಹೋದ ದೂರವನ್ನು ತನ್ನ ದೂರವೆಂದು ನಂಬಿಕೊಳ್ಳುವುದೇ ಎಲ್ಲ ತಪ್ಪು ಆಯ್ಕೆಗಳ ಮೂಲ. ಡಿಸ್ಕ್ ಎಸೆತದ ವಿಶ್ವದಾಖಲೆಯಾದ 338 ಮೀಟರನ್ನು ಡೇವಿಡ್ ವಿಗಿನ್ಸ್ ಜೂನಿಯರ್ 2016ರಲ್ಲಿ ಸಾಧಿಸಿದ್ದು ಅಮೆರಿಕದ ನೆವಾಡ ಮರುಭೂಮಿಯ ಬೆನ್ನುಗಾಳಿಯಲ್ಲಿ ಎಂಬುದನ್ನು ನೆನೆದರೆ ಗಾಳಿಯ ಪಾಲು ಎಷ್ಟೆಂದು ತಿಳಿಯುತ್ತದೆ. ಸರಾಸರಿ ಸಿಕ್ಕಿದ ಮೇಲೆ, ಪಾರ್ 3ರ ಹೋಲ್‌ಗಳಲ್ಲಿ ಬಹುಪಾಲು ಆ ಸರಾಸರಿಯ ಆಸುಪಾಸಿನಲ್ಲಿಯೂ ಕೆಲವು ಅದಕ್ಕಿಂತ ಕಡಿಮೆಯಾಗಿಯೂ ಒಂದೆರಡು ಮಾತ್ರ ಮೀರಿದವಾಗಿಯೂ ಇರುವ ಟೀಗಳ ಸಾಲನ್ನು ಆರಿಸಿಕೊಳ್ಳಬಹುದು.

ದೂರದ ಟೀಯ ಮೋಹ ಕೈಯನ್ನೂ ಕೆಡಿಸುತ್ತದೆ. ಡಿಸ್ಕ್‌ಗಳ ಮೇಲೆ ಸಾಮಾನ್ಯವಾಗಿ ನಾಲ್ಕು ಅಂಕಿಗಳಿರುತ್ತವೆ: ಅದು ಬೇಡುವ ವೇಗ, ಗಾಳಿಯಲ್ಲಿ ತೇಲುವ ಗುಣ, ವೇಗವಾಗಿ ಹೋಗುವಾಗ ಒಂದು ಕಡೆಗೆ ವಾಲುವ ಪ್ರಮಾಣ, ವೇಗ ಇಳಿದಾಗ ಮತ್ತೊಂದು ಕಡೆಗೆ ತಿರುಗುವ ಪ್ರಮಾಣ. ಬುಟ್ಟಿ ದೂರದಲ್ಲಿ ಕಂಡ ಕೂಡಲೇ ಹೊಸಬರು ಅತಿ ವೇಗದ ಡಿಸ್ಕನ್ನು ಕೈಗೆತ್ತಿಕೊಳ್ಳುತ್ತಾರೆ. ಅದಕ್ಕೆ ಬೇಕಾದ ವೇಗವನ್ನು ತೋಳು ಕೊಡಲಾರದ್ದರಿಂದ ಅದು ಬೇಗನೆ ಪಕ್ಕಕ್ಕೆ ತಿರುಗಿ ನೆಲ ಹಿಡಿಯುತ್ತದೆ. ಮುಂದಿನ ಸಲ ಇನ್ನಷ್ಟು ಬಲ ಹಾಕುತ್ತಾರೆ, ಭುಜವೂ ಮೊಣಕೈಯೂ ನೋಯುತ್ತವೆ. ಹತ್ತಿರದ ಟೀಯಲ್ಲಿ ನಿಧಾನದ ಡಿಸ್ಕ್ ಹಿಡಿದು ನೇರವಾಗಿ ಎಸೆಯಲು ಕಲಿತವರ ದೂರ ಸಹ ಕ್ರಮೇಣ ಹೆಚ್ಚುತ್ತದೆ.

ಪಿಡಿಜಿಎ ಆಟಗಾರರ ಸಾಮರ್ಥ್ಯವನ್ನು ಅಳೆಯಲು ಅಂಕಶ್ರೇಣಿಯೊಂದನ್ನು ಇಟ್ಟುಕೊಂಡಿದೆ. ಅತ್ಯುನ್ನತ ಮಟ್ಟದವರು 1000ದ ಸುತ್ತಮುತ್ತ ಇರುತ್ತಾರೆ, ಸ್ಥೂಲವಾಗಿ ಹತ್ತು ಅಂಕಕ್ಕೆ ಒಂದು ಸುತ್ತಿನಲ್ಲಿ ಒಂದು ಎಸೆತದ ಅಂತರ. ಕೋರ್ಸ್ ರಚಿಸುವವರಿಗೆ ಅದು ಸೂಚಿಸಿರುವ ಬಣ್ಣಗಳು ಈ ಶ್ರೇಣಿಯನ್ನೇ ಅನುಸರಿಸುತ್ತವೆ: ಹೊನ್ನಿನ ಬಣ್ಣದ ಟೀ 1000ದ ಮಟ್ಟಕ್ಕೆ, ನೀಲಿ 950ಕ್ಕೆ, ಬಿಳಿ 900ಕ್ಕೆ, ಕೆಂಪು 850ಕ್ಕೆ, ಅದಕ್ಕೂ ಕೆಳಗಿನವರಿಗೆ ಹಸಿರು. ಇಲ್ಲಿ ಗಮನಿಸಬೇಕಾದದ್ದು, ಬಣ್ಣ ಸೂಚಿಸುವುದು ಗಂಡು ಹೆಣ್ಣೆಂಬ ಭೇದವನ್ನಲ್ಲ, ವಯಸ್ಸನ್ನೂ ಅಲ್ಲ. ಕೈಯ ಅಳವನ್ನು ಮಾತ್ರ. ಹಳೆಯ ಗಾಲ್ಫ್ ಕ್ಲಬ್ಬುಗಳಲ್ಲಿ ಮುಂದಿನ ಟೀಯನ್ನು ಹೆಂಗಸರ ಟೀ ಎಂದು ಕರೆದು, ಗಂಡಸರು ಅಲ್ಲಿ ನಿಲ್ಲಲು ನಾಚುವಂತೆ ಮಾಡಿದ್ದಕ್ಕೆ ಹೋಲಿಸಿದರೆ ಇದು ಎಷ್ಟೋ ವಿವೇಕದ ಏರ್ಪಾಡು.

ಗಾಲ್ಫ್ ಕೂಡ ಈ ವಿವೇಕದತ್ತ ತಡವಾಗಿಯಾದರೂ ಬಂದಿದೆ. 2011ರಲ್ಲಿ ಅಮೆರಿಕದ ಗಾಲ್ಫ್ ಸಂಸ್ಥೆಗಳು ಮುಂದಿನ ಟೀಯಿಂದ ಆಡಿರೆಂದು ಪ್ರಚಾರ ಕೈಗೊಂಡು, ಮೊದಲ ಹೊಡೆತ 250 ಗಜ ಹೋಗುವವರಿಗೆ 6,200ರಿಂದ 6,400 ಗಜದ ಕೋರ್ಸ್, 200 ಗಜ ಹೋಗುವವರಿಗೆ 5,200ರಿಂದ 5,400 ಗಜದ ಕೋರ್ಸ್ ತಕ್ಕದ್ದೆಂದು ಪಟ್ಟಿ ಮಾಡಿಕೊಟ್ಟವು. 1876ರಷ್ಟು ಹಿಂದೆಯೇ ಬೆಂಗಳೂರು ಗಾಲ್ಫ್ ಕ್ಲಬ್ ಹುಟ್ಟಿದ ಕನ್ನಡ ನಾಡಿಗೆ ಈ ವಿಷಯದಲ್ಲಿ ತನ್ನದೇ ಆದ ಒಂದು ಉಜ್ವಲ ಉದಾಹರಣೆಯಿದೆ. ಬೆಂಗಳೂರಿನ ಅದಿತಿ ಅಶೋಕ್ 2021ರ ಆಗಸ್ಟ್‌ನಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕೇವಲ ಒಂದು ಹೊಡೆತದ ಅಂತರದಿಂದ ಪದಕ ತಪ್ಪಿ ನಾಲ್ಕನೆಯವರಾದರು. ದೂರ ಹೊಡೆಯುವವರ ಪಟ್ಟಿಯಲ್ಲಿ ತೀರ ಹಿಂದಿದ್ದ ಅವರು ಅಷ್ಟು ಮೇಲೇರಿದ್ದು ಕುಳಿಯ ಹತ್ತಿರದ ಆಟದ ಬಲದಿಂದ. ದೂರವೇ ಸರ್ವಸ್ವವಲ್ಲವೆಂಬುದಕ್ಕೆ ಇದನ್ನು ಎಲ್ಲರೂ ಎತ್ತಿ ಹೇಳುತ್ತಾರೆ, ಸರಿಯೇ. ಆದರೆ ಆ ಒಲಿಂಪಿಕ್ಸ್‌ನ ಗಾಲ್ಫ್ ನಡೆದ ಕಸುಮಿಗಸೆಕಿ ಮೈದಾನದಲ್ಲಿ ಪುರುಷರಿಗೆ ಸುಮಾರು 7,400 ಗಜ, ಮಹಿಳೆಯರಿಗೆ ಸುಮಾರು 6,650 ಗಜ ಉದ್ದದ ಕೋರ್ಸ್ ಹಾಕಿದ್ದರೆಂಬುದೂ, ಎರಡಕ್ಕೂ ಪಾರ್ 71 ಆಗಿತ್ತೆಂಬುದೂ ಅಷ್ಟೇ ಮುಖ್ಯ. ಜಗತ್ತಿನ ಶ್ರೇಷ್ಠ ಆಟಗಾರರಿಗೂ ಅವರವರ ಹೊಡೆತಕ್ಕೆ ತಕ್ಕಂತೆ ಟೀ ಸರಿಸುತ್ತಾರೆಂದ ಮೇಲೆ, ವಾರಕ್ಕೊಮ್ಮೆ ಆಡುವವರು ಮುಂದಿನ ಟೀಗೆ ಹೋಗಲು ಸಂಕೋಚಪಡಬೇಕಾದ ಕಾರಣವಿಲ್ಲ.

ಮೀಟರುಗಳ ಲೆಕ್ಕ ಬಯಲಿಗೆ ಸರಿಹೋಗುತ್ತದೆ. ಮರಗಳ ನಡುವೆ ಬಂದಾಗ ಲೆಕ್ಕವೇ ಬದಲಾಗುತ್ತದೆ. ಕೊಯಮತ್ತೂರಿನ ಪಶ್ಚಿಮಕ್ಕೆ, ವೆಳ್ಳಿಯಂಗಿರಿ ಬೆಟ್ಟಗಳ ಕೆಳಗೆ, ನೊಯ್ಯಲ್ ನದಿಯ ಬಯಲಿನಲ್ಲಿರುವ ತೊಂಡಾಮುತ್ತೂರಿನ ನೆಲವನ್ನು ಇದಕ್ಕೆ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಒಕ್ಕಲಿಗರೂ ದೇವಾಂಗರೂ ತಲೆಮಾರುಗಳಿಂದ ಮನೆಯೊಳಗೆ ಕನ್ನಡ ಉಳಿಸಿಕೊಂಡು ಬಂದಿರುವ ಈ ಸೀಮೆಯಲ್ಲಿ ತೆಂಗು, ಅಡಿಕೆ, ಬಾಳೆಯ ತೋಟಗಳು ಒತ್ತೊತ್ತಾಗಿವೆ. ತೆಂಗನ್ನು ಸಾಮಾನ್ಯವಾಗಿ ಗಿಡದಿಂದ ಗಿಡಕ್ಕೆ 25 ಅಡಿ, ಅಂದರೆ ಏಳೂವರೆ ಮೀಟರ್ ಬಿಟ್ಟು ನೆಡುತ್ತಾರೆ. ಎರಡು ಸಾಲುಗಳ ನಡುವಿನ ಓಣಿಯ ಮಧ್ಯದಲ್ಲಿ ಟೀ ಇಟ್ಟರೆ ಡಿಸ್ಕ್‌ಗೆ ಎಡಕ್ಕೂ ಬಲಕ್ಕೂ ಸಿಗುವ ಜಾಗ ಮೂರೂಮುಕ್ಕಾಲು ಮೀಟರ್ ಮಾತ್ರ. ನೇರ ಎಸೆತ 40 ಮೀಟರ್ ಹೋಗುವವರೆಗೆ ಓಣಿ ಬಿಡದಿರಬೇಕಾದರೆ ಕೈ ಸುಮಾರು 5 ಡಿಗ್ರಿಗಿಂತ ಹೆಚ್ಚು ತಪ್ಪಬಾರದು. 60 ಮೀಟರಿಗೆ ಈ ಸಲಿಗೆ ಮೂರೂವರೆ ಡಿಗ್ರಿಗೆ ಇಳಿಯುತ್ತದೆ. 90 ಮೀಟರಿಗೆ ಎರಡೂವರೆಯೂ ಇಲ್ಲ. ಅಡಿಕೆಯ ಸಾಲುಗಳ ನಡುವಣ ಅಂತರ ಕೇವಲ 2.7 ಮೀಟರ್ ಆದ್ದರಿಂದ ಅಲ್ಲಿ 20 ಮೀಟರ್ ನೇರವಾಗಿ ಎಸೆಯುವುದೂ ತೆಂಗಿನ ತೋಟದಲ್ಲಿ 55 ಮೀಟರ್ ಎಸೆಯುವುದೂ ಹೆಚ್ಚುಕಡಿಮೆ ಒಂದೇ ಕಷ್ಟ; ಕಾಂಡದ ದಪ್ಪವನ್ನೂ ಡಿಸ್ಕ್‌ನ ಅಗಲವನ್ನೂ ಸೇರಿಸಿದರೆ ಇನ್ನೂ ಹೆಚ್ಚು. ಆದ್ದರಿಂದ ಬಯಲಿನಲ್ಲಿ ಬಿಳಿ ಟೀ ಆಡುವವರು ತೋಟದ ಹೋಲ್‌ಗಳಲ್ಲಿ ಕೆಂಪು ಟೀಗೆ ಬರುವುದು ಸೋಲಲ್ಲ, ನೆಲವನ್ನು ಓದಿದ ಜಾಣತನ.

ಬೆಟ್ಟದ ತಪ್ಪಲಿನಲ್ಲಿ ಏರಿಳಿತವೂ ಲೆಕ್ಕಕ್ಕೆ ಬರುತ್ತದೆ. ಬುಟ್ಟಿ ಟೀಗಿಂತ ಎಷ್ಟು ಮೀಟರ್ ಮೇಲಿದೆಯೋ ಅದರ ಮೂರರಷ್ಟನ್ನು ದೂರಕ್ಕೆ ಕೂಡಿಸುವುದು, ಕೆಳಗಿದ್ದರೆ ಅಷ್ಟನ್ನೇ ಕಳೆಯುವುದು ಕೋರ್ಸ್ ರಚಿಸುವವರ ಸ್ಥೂಲ ಲೆಕ್ಕ. ಅದರಂತೆ ಐದು ಮೀಟರ್ ಏರಿನ 60 ಮೀಟರ್ ಹೋಲ್ ವಾಸ್ತವವಾಗಿ 75 ಮೀಟರಿನದು.

ಇಲ್ಲಿನ ಗಾಳಿಯ ಮಾತೇ ಬೇರೆ. ಪಶ್ಚಿಮ ಘಟ್ಟದ ಗೋಡೆಯಲ್ಲಿ ಪಾಲಕ್ಕಾಡಿನ ಬಳಿ ಮೂವತ್ತು ನಲವತ್ತು ಕಿಲೋಮೀಟರ್ ಅಗಲದ ಕಂಡಿಯಿರುವುದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರಿನ ಪಡುವಣ ಗಾಳಿ ಕೊಯಮತ್ತೂರು ಸೀಮೆಗೆ ನುಗ್ಗುತ್ತದೆ. ಆಡಿ ತಿಂಗಳ ಗಾಳಿಗೆ ಅರೆಯುವ ಕಲ್ಲೂ ಹಾರುತ್ತದೆಂದು ತಮಿಳಿನ ಗಾದೆಯೇ ಇದೆ. ಎದುರುಗಾಳಿಯಲ್ಲಿ ಡಿಸ್ಕ್‌ನ ಮೇಲೆ ಹರಿಯುವ ಗಾಳಿಯ ವೇಗ ಹೆಚ್ಚುವುದರಿಂದ ಅದು ತನ್ನ ಸಹಜ ವೇಗಕ್ಕಿಂತ ಜೋರಾಗಿ ಹೋಗುತ್ತಿರುವಂತೆ ವರ್ತಿಸಿ, ಅಂಚೆತ್ತಿ ಮಗುಚಿ ಎಲ್ಲೋ ಹೋಗುತ್ತದೆ. ಬೆನ್ನುಗಾಳಿಯಲ್ಲಿ ತೇಲುವ ಬಲ ಕುಗ್ಗಿ, ದೂರ ಹೆಚ್ಚಿದರೂ ಕೊನೆಯ ತಿರುವು ಬೇಗ ಬರುತ್ತದೆ. ಈ ತಿಂಗಳುಗಳಲ್ಲಿ ಪಡುವಣಕ್ಕೆ ಮುಖಮಾಡಿದ ಹೋಲ್‌ಗಳಿಗೆ ಒಂದು ಟೀ ಮುಂದೆ, ಮೂಡಣಕ್ಕೆ ಎಸೆಯುವ ಹೋಲ್‌ಗಳಿಗೆ ಎಂದಿನ ಟೀ ಎಂದು ಹೋಲಿಗೊಂದರಂತೆ ಬದಲಿಸಿ ಆಡಿದರೆ ತಪ್ಪಿಲ್ಲ. ಸುತ್ತಿಡೀ ಒಂದೇ ಬಣ್ಣಕ್ಕೆ ಕಟ್ಟುಬೀಳಬೇಕೆಂಬ ಹಟ ಸ್ನೇಹದ ಆಟಕ್ಕೆ ಬೇಡ. ಹಿಂದಿನ ಟೀಗೆ ಜಾಗ ಬೇಕೆಂದು ಕಾಡಂಚಿಗೆ ಸರಿಯುವುದಂತೂ ಇಲ್ಲಿ ಸಲ್ಲದು: ಬೆಟ್ಟದ ಕಾಡಿನಿಂದ ಆನೆಗಳು ತೋಟಗಳಿಗೆ ಇಳಿಯುವ ಸೀಮೆಯಿದು, ಸಂಜೆಯ ಹೊತ್ತು ಮರೆಯಲ್ಲಿ ಡಿಸ್ಕ್ ಹುಡುಕುತ್ತ ನಿಲ್ಲುವುದು ಅಪಾಯ.

ಹಿಂದಿನ ಟೀಗೆ ಯಾವಾಗ ಹೋಗಬೇಕೆಂಬುದಕ್ಕೂ ಒಂದು ಗುರುತಿದೆ. ಈಗಿನ ಟೀಯಿಂದ ಅರ್ಧಕ್ಕೂ ಹೆಚ್ಚು ಹೋಲ್‌ಗಳಲ್ಲಿ ಮೊದಲ ಎಸೆತವೇ ಬುಟ್ಟಿಯ 20 ಮೀಟರ್ ಒಳಗೆ ಬೀಳತೊಡಗಿ, ಹಲವು ಸುತ್ತುಗಳಲ್ಲಿ ಅದು ಹಾಗೆಯೇ ಮುಂದುವರಿದರೆ, ಆ ಟೀ ಪ್ರಶ್ನೆ ಕೇಳುವುದನ್ನು ನಿಲ್ಲಿಸಿದೆಯೆಂದೇ ಅರ್ಥ. ಆಗಲೂ ಎಲ್ಲ ಹೋಲ್‌ಗಳಲ್ಲಿ ಒಮ್ಮೆಲೇ ಹಿಂದಕ್ಕೆ ಹೋಗದೆ, ಬಯಲಿನವುಗಳಲ್ಲಿ ಮೊದಲು, ಮರಗಳ ನಡುವಿನವುಗಳಲ್ಲಿ ಆಮೇಲೆ ಹೋಗುವುದು ಒಳ್ಳೆಯದು. ಪಂದ್ಯಾವಳಿಗಳಲ್ಲಿ ಮಾತ್ರ ಈ ಸ್ವಾತಂತ್ರ್ಯವಿಲ್ಲ. ಯಾವ ವಿಭಾಗ ಯಾವ ಟೀಯಿಂದ ಆಡಬೇಕೆಂಬುದನ್ನು ನಡೆಸುವವರೇ ಗೊತ್ತುಮಾಡುತ್ತಾರೆ.

ಮನೆಮಂದಿಯೆಲ್ಲ ಕೂಡಿ ಆಡುವಾಗ ಅಜ್ಜನಿಗೆ ಹಸಿರು, ಕಾಲೇಜಿನ ಮೊಮ್ಮಗಳಿಗೆ ನೀಲಿ, ಉಳಿದವರಿಗೆ ಕೆಂಪು ಎಂದು ಟೀಗಳನ್ನು ಹಂಚಿಕೊಂಡು, ಆಯಾ ಟೀಯ ಪಾರ್‌ಗೆ ಹೋಲಿಸಿ ಅಂಕ ಬರೆದುಕೊಂಡರೆ ಎಲ್ಲರೂ ಸಮವಾಗಿ ಸ್ಪರ್ಧಿಸಬಹುದು. ಆಗ ಪಾಲಿಸಲೇಬೇಕಾದ ಕ್ರಮವೊಂದಿದೆ. 175 ಗ್ರಾಂವರೆಗೆ ತೂಗುವ ಗಟ್ಟಿ ಅಂಚಿನ ಡಿಸ್ಕ್ ತಲೆಗೆ ಬಡಿದರೆ ದೊಡ್ಡ ಗಾಯವಾಗುವುದರಿಂದ, ಎಲ್ಲರೂ ಮೊದಲು ಹಿಂದಿನ ಟೀಯ ಬಳಿ ನಿಂತು, ಅಲ್ಲಿಂದ ಆಡುವವರ ಎಸೆತ ಮುಗಿದ ಮೇಲಷ್ಟೇ ಒಟ್ಟಾಗಿ ಮುಂದಿನ ಟೀಗೆ ನಡೆಯಬೇಕು.